ಜೀಪಿನ ಪೂರ್ವಾಶ್ರಮ

ಚೆನ್ನಾಗಿರುವ ವಸ್ತುವನ್ನು ಚೆನ್ನಾಗಿಯೇ ಇರಲು ಬಿಡುವುದಕ್ಕೆ ಒಂದು ಸಂಯಮ ಬೇಕು. ಅದು ನನಗಿಲ್ಲ. ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ ಅದರ ಬೆನ್ನು ಬಿಚ್ಚಿ ನೋಡಬೇಕೆನಿಸುತ್ತದೆ. ಮಿಕ್ಸಿ ಹೆಚ್ಚು ಗಲಾಟೆ ಮಾಡದೆ ಅರೆಯುತ್ತಿದ್ದರೆ ಸಂಶಯ ಬರುತ್ತದೆ. ಪುತ್ತೂರಿನ ದರ್ಬೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಇಪ್ಪತ್ತೆರಡು ವರ್ಷಗಳಿಂದ ಊರವರಿಗೆಲ್ಲ ಹತ್ತಿರದ್ದೂ ದೂರದ್ದೂ ಕಾಣುವ ಹಾಗೆ ಮಾಡಿ ಕಳಿಸುತ್ತಿದ್ದೇನೆ. ಸ್ವಂತ ಬುದ್ಧಿ ಎಷ್ಟಿದೆ ಎಂದು ಕಾಣಿಸುವ ಗಾಜು ಮಾತ್ರ ಇನ್ನೂ ಬಂದಿಲ್ಲವೆನ್ನುವುದು ನನ್ನ ಹೆಂಡತಿ ಶಶಿಕಲಾಳ ಅಭಿಪ್ರಾಯ. ಬಂದರೂ ನಾನು ಅದನ್ನು ಅಂಗಡಿಯ ಮೂಲೆಯಲ್ಲಿ ಇಡುತ್ತೇನೆಂದು ಅವಳಿಗೆ ಗೊತ್ತು.

ವಿಷಯ ಜೀಪಿನದ್ದು. ಪಂಜದಲ್ಲಿದ್ದ ನನ್ನ ಮಾವ ರಬ್ಬರ್ ಶೀಟು ಸಾಗಿಸಲೆಂದು ಒಂದು ಜೀಪು ಇಟ್ಟುಕೊಂಡಿದ್ದರು. ಹಸಿರು ಬಣ್ಣ, ನಾಲ್ಕು ಚಕ್ರವೂ ಎಳೆಯುವಂಥದ್ದು, ಯಾರ ತಂಟೆಗೂ ಹೋಗದ ಗಾಡಿ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗಿರಲು ದರ್ಬೆಗೆ ಬಂದರು, ಜೀಪೂ ಬಂತು. ಆರ್‌ಸಿ ಅತ್ತೆಯ ಹೆಸರಿಗಾಯಿತು, ಕೀಲಿಕೈ ನನ್ನ ಕಿಸೆಗೆ ಬಂತು. ಅತ್ತೆಗೆ ಕಾರಿನಲ್ಲಿ ಕೂತರೆ ವಾಂತಿ, ಬಸ್ಸಿನಲ್ಲಿ ಕೂತರೆ ತಲೆಸುತ್ತು. ಜೀಪಿನ ಎದುರಿನ ಎಡಗಡೆಯ ಸೀಟಿನಲ್ಲಿ ಕೂತರೆ ಮಾತ್ರ ಯಾವ ತೊಂದರೆಯೂ ಇಲ್ಲ. ವರ್ಷಕ್ಕೊಮ್ಮೆ ಸುಬ್ರಹ್ಮಣ್ಯಕ್ಕೆ ಹೋಗಬೇಕಿದ್ದರೂ ಪಂಜದಲ್ಲಿ ನಂಟರ ಮದುವೆಗೆ ಹೋಗಬೇಕಿದ್ದರೂ ಅವರಿಗೆ ಆ ಸೀಟೇ ಬೇಕು. ಅಂದರೆ ಜೀಪು ನಿಂತರೆ ಅತ್ತೆಯ ತಿರುಗಾಟವೂ ನಿಂತ ಹಾಗೆ. ಇಂಥ ಗಾಡಿಯನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೆಂದು ನಿಮಗೆ ತಿಳಿಯುತ್ತದೆ. ನನಗೆ ತಿಳಿಯಲಿಲ್ಲ.

ಏಕೆಂದರೆ ಅದೇ ಸಮಯಕ್ಕೆ ನನ್ನನ್ನು ಜೀಪು ಇರುವವರ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಲಾಯಿತು. ಹಲ್ಲಿನ ಡಾಕ್ಟರೊಬ್ಬರು, ಟೈಲ್ಸ್ ಅಂಗಡಿಯವರೊಬ್ಬರು, ದುಬೈಯಿಂದ ರಜೆಯಲ್ಲಿ ಬರುವ ಇಬ್ಬರು, ಎಲ್ಲರೂ ಗೌರವಸ್ಥರು. ಇವರು ಭಾನುವಾರ ಬೆಳಿಗ್ಗೆ ಒಳ್ಳೆಯ ಡಾಮರು ರಸ್ತೆಯಲ್ಲಿ ಕಡಬದವರೆಗೆ ಹೋಗಿ, ಪರಿಚಯದವರ ರಬ್ಬರ್ ಗುಡ್ಡೆಗೆ ಜೀಪು ಹತ್ತಿಸಿ, ಅಲ್ಲಿನ ಕೆಸರಿನಲ್ಲಿ ಹೂತುಹೋಗಿ, ಒಬ್ಬರನ್ನೊಬ್ಬರು ಎಳೆದು ತೆಗೆದು, ಫೋಟೋ ಹೊಡೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ನಮ್ಮ ಅಪ್ಪಂದಿರು ಮನೆಯ ದಾರಿಯ ಕೆಸರು ಹೋಗಲಿ ಎಂದು ಪಂಚಾಯತಿಗೆ ಅರ್ಜಿ ಕೊಟ್ಟು ಕೊಟ್ಟು ಮುದುಕರಾದವರು. ಈಗ ದಾರಿಗೆಲ್ಲ ಕಾಂಕ್ರೀಟು ಬಂದಿದೆ, ಆದ್ದರಿಂದ ಮಕ್ಕಳು ಪೆಟ್ರೋಲು ಸುಟ್ಟು ಕೆಸರು ಎಲ್ಲಿ ಉಳಿದಿದೆ ಎಂದು ಹುಡುಕಬೇಕಾಗಿದೆ. ಅಭಿವೃದ್ಧಿ ಎಂದರೆ ಇದೇ ಇರಬೇಕು.

ಮೊದಲ ಭಾನುವಾರವೇ ಹಲ್ಲಿನ ಡಾಕ್ಟರು ನನ್ನ ಜೀಪಿನ ಸುತ್ತ ಒಂದು ಸುತ್ತು ಬಂದು, ಬಾಯಿ ತೆರೆಸಿ ನೋಡಿದ ರೋಗಿಗೆ ಹೇಳುವ ದನಿಯಲ್ಲಿ, ತುಂಬ ಕೆಲಸ ಇದೆ ಅಂದರು. ಬುಡ ಎತ್ತರವಾಗಬೇಕು, ಹೊಸ ರಿಮ್ಮು ಸಹಿತ ಕೆಸರಿನ ಟಯರು ಬೇಕು, ಎದುರಿಗೆ ದಪ್ಪ ಕಬ್ಬಿಣದ ಬಂಪರು, ಅದರ ಮೇಲೆ ತಂತಿಹಗ್ಗ ಸುತ್ತಿಕೊಳ್ಳುವ ವಿಂಚು, ಒಳಗೆ ಹಿಂದುಗಡೆ ರೇಸಿನವರ ಸೀಟು, ಮೂಗಿನಿಂದ ನೆತ್ತಿಯವರೆಗೆ ಸ್ನಾರ್ಕೆಲ್ಲು ಎಂಬ ಒಂದು ಕೊಳವೆ. ಅತ್ತೆಯ ಹತ್ತಿರ ಜೀಪು ಸ್ವಲ್ಪ ರಿಪೇರಿ ಮಾಡಿಸುತ್ತೇನೆ ಎಂದೆ. ಎಂತ ಹಾಳಾಗಿದೆ ಎಂದು ಅವರು ಕೇಳಿದರು. ನಾನು ಡಾಕ್ಟರು ಹೇಳಿದ ಪಟ್ಟಿಯನ್ನು ಕಿಸೆಗೆ ಸೇರಿಸಿ ಬೇಗ ಜೀಪು ಹತ್ತಿದೆ.

ಕಡಬದ ಹತ್ತಿರ ಶೆಡ್ಡು ಹಾಕಿಕೊಂಡಿರುವ ಮೆಕ್ಯಾನಿಕ್ ಹಸನಾಕ ಮಾವನ ಕಾಲದಿಂದಲೂ ಈ ಜೀಪಿನ ವೈದ್ಯರು. ಆ ಪಟ್ಟಿಯನ್ನು ಅವರು ಎರಡು ಸಲ ಓದಿದರು. ಆಮೇಲೆ ಸ್ನಾರ್ಕೆಲ್ಲಿನ ಹೆಸರಿನ ಮೇಲೆ ಬೆರಳಿಟ್ಟು, "ಇದು ಎಂತಕ್ಕೆ ಗೌಡ್ರೆ?" ಎಂದು ಕೇಳಿದರು. ನೀರು ಬಾನೆಟ್ಟಿನವರೆಗೆ ಬಂದರೂ ಎಂಜಿನ್ನು ಉಸಿರಾಡಬೇಕಲ್ಲ ಎಂದೆ.

"ಸರಿ. ಎಂಜಿನ್ನು ಉಸಿರಾಡ್ತದೆ. ಒಳಗೆ ಕೂತ ನೀವು ಎಂತ ಮಾಡುದು?"

ಇಂಥ ಪ್ರಶ್ನೆಗಳಿಂದಲೇ ನಮ್ಮ ಕಡೆ ಸಾಹಸ ಬೆಳೆಯಲಿಲ್ಲ. ನಾನು ಗಂಭೀರವಾಗಿ ಕೆಲಸ ಶುರು ಮಾಡಿ ಎಂದೆ. ಕಲ್ಲಿಗೆ ತಾಗುತ್ತದೆಂದು ಎರಡು ಬದಿಯ ಕಾಲಿಡುವ ಹಲಗೆಗಳನ್ನೂ ತೆಗೆಸಿದೆ. ಕಳಚಿದ ಸಾಮಾನು ಏನು ಮಾಡುವುದೆಂದು ಹಸನಾಕ ಕೇಳಿದಾಗ, ಬೇಕಾದವರಿಗೆ ಕೊಟ್ಟುಬಿಡಿ ಎಂದು ದೊಡ್ಡ ದಾನಿಯ ಹಾಗೆ ಕೈ ಬೀಸಿದೆ.

ಹೊಸ ಜೀಪು ಅದ್ಭುತವಾಗಿತ್ತು. ಅದಕ್ಕೆ ಒಂದೇ ಒಂದು ದೋಷ, ಮನುಷ್ಯರು ಹತ್ತುವ ಹಾಗಿರಲಿಲ್ಲ. ಶಶಿಕಲಾ ಸೀರೆಯುಟ್ಟ ದಿನ ಅದರ ಹತ್ತಿರವೂ ಸುಳಿಯಲಿಲ್ಲ. ಅತ್ತೆಗಾಗಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ತಂದೆವು. ಅದಕ್ಕೊಂದು ಹಗ್ಗ ಕಟ್ಟಿ, ಅವರು ಹತ್ತಿ ಕೂತ ಮೇಲೆ ಬಾವಿಯಿಂದ ಕೊಡ ಎಳೆದುಕೊಳ್ಳುವ ಹಾಗೆ ಸ್ಟೂಲನ್ನು ಎಳೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ಸುಬ್ರಹ್ಮಣ್ಯದ ಬಸ್‌ಸ್ಟ್ಯಾಂಡಿನ ಎದುರು ಇದನ್ನು ನೋಡಿದ ಯಾತ್ರಿಕರು ದೇವಸ್ಥಾನದ ದಾರಿ ಕೇಳುವುದನ್ನೂ ಮರೆತರು. ನನ್ನ ಕಥೆ ಬೇರೆ. ಐವತ್ತು ದಾಟಿದ ಬಲ ಮೊಣಕಾಲು ಅಷ್ಟೆತ್ತರಕ್ಕೆ ಒಮ್ಮೆಲೇ ಏಳುವುದಿಲ್ಲವೆಂದು ಮೊದಲ ವಾರವೇ ತಿಳಿಸಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಪ್ರತಿಸಲವೂ ಹತ್ತುವ ಮೊದಲು ಬಗ್ಗಿ ಎದುರಿನ ಟಯರಿನ ಗಾಳಿ ನೋಡುವವನ ಹಾಗೆ ನಟಿಸಿ, ಒಂದು ಕಾಲನ್ನು ಚಕ್ರದ ನಡುವಿಗೆ ಊರಿ, ಮೇಲಿನ ಕಂಬಿ ಹಿಡಿದು ಒಳಗೆ ಬೀಳುತ್ತಿದ್ದೆ. ಎರಡು ವರ್ಷಗಳಲ್ಲಿ ನಾನು ನೋಡಿದಷ್ಟು ಸಲ ಟಯರಿನ ಗಾಳಿಯನ್ನು ಯಾರೂ ನೋಡಿರಲಿಕ್ಕಿಲ್ಲ. ಎಷ್ಟು ಜಾಗ್ರತೆಯ ಡ್ರೈವರು ಎಂದು ನೆರೆಯವರು ಹೊಗಳಿದ್ದೂ ಉಂಟು.

ಹೀಗೆ ಸುಖವಾಗಿದ್ದಾಗ ಜೀಪಿನ ಆರ್‌ಸಿಯ ಅವಧಿ ಮುಗಿಯುತ್ತ ಬಂತು. ನವೀಕರಣಕ್ಕೆ ಗಾಡಿಯನ್ನು ಬ್ರೇಕ್ ಇನ್ಸ್‌ಪೆಕ್ಟರರಿಗೆ ತೋರಿಸಿ ಪಾಸಿಂಗ್ ಮಾಡಿಸಬೇಕು. ಹಸನಾಕ ಜೀಪಿನ ಸುತ್ತ ಒಂದು ಸುತ್ತು ಬಂದು, ಕಾಗದದಲ್ಲಿ ಇರುವ ಜೀಪೇ ಬೇರೆ, ಇಲ್ಲಿ ನಿಂತಿರುವುದೇ ಬೇರೆ ಎಂದರು. ಹೀಗೇ ತೆಗೆದುಕೊಂಡು ಹೋದರೆ ಅಲ್ಲೇ ಬಿಟ್ಟು ಬರಬೇಕಾದೀತು ಎಂದೂ ಸೇರಿಸಿದರು. ಇದ್ದದ್ದು ಐದೇ ದಿನ. ಆ ತಿಂಗಳಲ್ಲೇ ಅತ್ತೆಗೆ ಸುಬ್ರಹ್ಮಣ್ಯಕ್ಕೆ ಹೋಗುವುದಿತ್ತು. ಜೀಪು ಪಾಸಾಗದಿದ್ದರೆ ಹೇಗೆ ಹೋಗುವುದೆಂದು ಅವರು ಕೇಳಲಿಲ್ಲ, ಹರಕೆಯ ಡಬ್ಬಿಯನ್ನು ದೇವರ ಕೋಣೆಯಿಂದ ತಂದು ಊಟದ ಮೇಜಿನ ಮೇಲೆ ನನ್ನ ತಟ್ಟೆಯ ಎದುರಿಗಿಟ್ಟರು. ಅಂದಿನಿಂದ ಸಾರು ನನಗೆ ಸರಿಯಾಗಿ ಇಳಿಯಲಿಲ್ಲ. ನನ್ನ ಚಪಲಕ್ಕೆ ಅವರ ಕಾಲು ಕಟ್ಟಿಹಾಕಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಹಾಗೆ ನಾನು ಮತ್ತು ಶಶಿಕಲಾ ಜೀಪಿನ ಪೂರ್ವಾಶ್ರಮವನ್ನು ಹುಡುಕಿಕೊಂಡು ಹೊರಟೆವು. ಮೂರು ಹಳೆಯ ಟಯರು ದೂರವಿರಲಿಲ್ಲ, ಹಸನಾಕರ ಶೆಡ್ಡಿನ ಮಾಡಿನ ಮೇಲೆ ಗಾಳಿಗೆ ಶೀಟು ಹಾರದಂತೆ ಕೂತಿದ್ದವು. ಅವನ್ನು ಇಳಿಸಿ ಬದಲಿಗೆ ನನ್ನ ಮೂರು ಕೆಸರಿನ ಟಯರು ಹೇರಿದ್ದಾಯಿತು. ನಾಲ್ಕನೆಯದು ಅಲ್ಲೇ ಪಕ್ಕದ ಮನೆಯ ಲೀಲಕ್ಕನ ಹಿತ್ತಿಲಲ್ಲಿತ್ತು. ಅದರೊಳಗೆ ಮಣ್ಣು ತುಂಬಿ ಅವರು ಬಸಳೆ ನೆಟ್ಟಿದ್ದರು. ಬಸಳೆ ಚಪ್ಪರಕ್ಕೆ ಹಬ್ಬಿ ಮನೆಯ ಮಾಡು ಮುಟ್ಟಲು ಹೊರಟಿತ್ತು. ನಾಲ್ಕು ರಿಮ್ಮುಗಳು ಅವರದೇ ಬಚ್ಚಲಿನ ಹಂಡೆಯ ಕೆಳಗೆ ಒಲೆಯಾಗಿದ್ದವು. ಬಂಪರು ಎಲ್ಲಿ ಎಂದು ಕೇಳಿದೆ. ನೀವು ಈಗ ದಾಟಿ ಬಂದದ್ದು ಎಂತದರ ಮೇಲೆ ಎಂದು ಲೀಲಕ್ಕ ಮರುಪ್ರಶ್ನೆ ಹಾಕಿದರು. ತಿರುಗಿ ನೋಡಿದರೆ ಅಂಗಳದ ಎದುರಿನ ನೀರು ಹರಿಯುವ ಕಣಿಗೆ ಅಡ್ಡಲಾಗಿ ಮಾವನ ಜೀಪಿನ ಬಂಪರು ಕಾಲುಸಂಕವಾಗಿ ಮಲಗಿತ್ತು.

ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಶಶಿಕಲಾಳಿಗೆ ತಿಳಿಯಿತು. ಇವರಿಗೆ ಸ್ವಲ್ಪ ತಲೆ ಸರಿ ಇಲ್ಲದ ಸಮಯದಲ್ಲಿ ಕೊಟ್ಟದ್ದು ಲೀಲಕ್ಕ, ನಾಲ್ಕು ದಿನಕ್ಕೆ ಬೇಕಿತ್ತು ಎಂದಳು. ಲೀಲಕ್ಕ ನನ್ನನ್ನು ಮರುಕದಿಂದ ನೋಡಿ ಒಪ್ಪಿದರು. ಆದರೆ ಬಸಳೆ ತುಂಡಾಗಬಾರದು, ಸಂಕವಿಲ್ಲದೆ ಒಂದು ಗಳಿಗೆಯೂ ಇರಬಾರದು, ಸಂಜೆಯ ಸ್ನಾನಕ್ಕೆ ಒಲೆ ಬೇಕು. ಆದ್ದರಿಂದ ನನ್ನ ದಪ್ಪ ಕಬ್ಬಿಣದ ಬಂಪರನ್ನು ಬಿಚ್ಚಿ ಕಣಿಗೆ ಅಡ್ಡ ಹಾಕಿದೆವು. ಹೊಸ ರಿಮ್ಮುಗಳು ಹಂಡೆಯ ಕೆಳಗೆ ಹೋದವು. ಬಸಳೆಯನ್ನು ಚಪ್ಪರದಿಂದ ಇಳಿಸಿ, ಸೂಜಿಗೆ ನೂಲು ಪೋಣಿಸಿದ ಹಾಗೆ, ಹಳೆಯ ಟಯರಿನಿಂದ ತೆಗೆದು ಕೆಸರಿನ ಟಯರಿಗೆ ಪೋಣಿಸಲು ಮುಕ್ಕಾಲು ದಿನ ಹಿಡಿಯಿತು. ಬಳ್ಳಿಯ ತುದಿ ಹಿಡಿದು ನಿಂತ ಶಶಿಕಲಾ ಅಷ್ಟು ಹೊತ್ತು ಲೀಲಕ್ಕನ ಹತ್ತಿರ ಬಸಳೆಯ ಸಾರು ಮಾಡುವುದು ಹೇಗೆಂದು ಕೇಳುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಿತವಿತ್ತು.

ಹಿಂದಿನ ಉದ್ದ ಸೀಟುಗಳು ಪಂಜದಲ್ಲಿ ಕುಶಾಲಪ್ಪಣ್ಣನ ಚಹಾ, ಗೋಳಿಬಜೆಯ ಹೋಟೆಲು ಸೇರಿದ್ದವು. ಒಂದರ ಮೇಲೆ ಕೂತು ಪೇಪರು ಓದುತ್ತಿದ್ದ ಹಿರಿಯರೊಬ್ಬರು ಕೊನೆಯ ಪುಟ ಮುಗಿಸುವವರೆಗೆ ನಾವು ಎರಡೆರಡು ಚಹಾ ಕುಡಿಯಬೇಕಾಯಿತು. ಬದಲಿಗೆ ರೇಸಿನ ಸೀಟುಗಳನ್ನು ಕೊಟ್ಟೆವು. ಆ ಹಿರಿಯರು ಅದರಲ್ಲಿ ಕೂತು, ಬೆಲ್ಟು ಹಾಕಿ ನೋಡಿ, ಇನ್ನೊಂದು ಚಹಾ ಹೇಳಿದರು. ಹೀಗೆ ನಾಲ್ಕನೆಯ ದಿನ ಎಲ್ಲವೂ ಸೇರಿ ಜೀಪು ತನ್ನ ಎತ್ತರಕ್ಕೆ ಇಳಿಯಿತು. ಕೊರತೆ ಉಳಿದದ್ದು ಕಾಲಿಡುವ ಹಲಗೆಗಳದ್ದು. ಅವು ಯಾರಿಗೆ ಹೋದವೆಂದು ಹಸನಾಕರಿಗೂ ನೆನಪಿರಲಿಲ್ಲ, ಅಥವಾ ನೆನಪಿಲ್ಲ ಎಂದರು. ಸಂಜೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅತ್ತೆ ತಮ್ಮ ಮಂಚದ ಕೆಳಗಿನಿಂದ ಮಾವನ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಕಟ್ಟು ಎಳೆದು ನನ್ನ ಕಾಲ ಹತ್ತಿರ ಇಟ್ಟರು. ಬಿಚ್ಚಿದರೆ ಎರಡೂ ಹಲಗೆಗಳು, ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಹಚ್ಚಿ ಇಟ್ಟಿದ್ದರು. ಯಾವಾಗ ತಂದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಪಾಸಿಂಗಿಗೆ ಅತ್ತೆಯೂ ಬಂದರು, ಗಾಡಿ ಅವರದ್ದಲ್ಲವೇ. ಇನ್ಸ್‌ಪೆಕ್ಟರರು ಚಾಸಿ ನಂಬ್ರ ನೋಡಿದರು, ದೀಪ ಹಾಕಿಸಿದರು, ಹಾರನ್ನು ಹೊಡೆಸಿದರು. ಹಿಂದಿನ ಸೀಟಿನ ಹತ್ತಿರ ಬಗ್ಗಿ, ಗೋಳಿಬಜೆಯ ಪರಿಮಳ ಎಲ್ಲಿಂದ ಬರುತ್ತಿದೆ ಎಂದು ಸುತ್ತ ನೋಡಿದರು. ಕೊನೆಗೆ ಸಹಿ ಹಾಕುತ್ತ, ಹಳೆಯ ಗಾಡಿ ಸಿಕ್ಕಿದರೆ ಈಗಿನವರು ಅದಕ್ಕೆ ಬೇಡದ್ದೆಲ್ಲ ಸಿಕ್ಕಿಸಿ ಕುಲಗೆಡಿಸುತ್ತಾರೆ, ನೀವು ಇಷ್ಟು ಚಂದ ಇಟ್ಟುಕೊಂಡಿದ್ದೀರಿ ಎಂದರು. ಮಾವನ ನೆನಪಲ್ಲವೇ, ಏನನ್ನೂ ಮುಟ್ಟಲು ಮನಸ್ಸು ಬರಲಿಲ್ಲ ಎಂದು ನಾನು ತಗ್ಗಿದ ದನಿಯಲ್ಲಿ ಹೇಳಿದೆ. ಅತ್ತೆಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಮರುವಾರ ಸುಬ್ರಹ್ಮಣ್ಯಕ್ಕೆ ಹೊರಟವರು ದಾರಿಯಲ್ಲಿ ಹಸನಾಕರ ಶೆಡ್ಡಿನ ಎದುರು ನಿಲ್ಲಿಸಿದೆವು. ನನ್ನ ಆಭರಣಗಳನ್ನು ವಾಪಸು ಕೇಳಲು ಪಕ್ಕದ ಲೀಲಕ್ಕನ ಮನೆಗೆ ಹೋದೆ. ಹಳೆಯ ಸಂಕ ಅಲುಗಾಡುತ್ತಿತ್ತು, ಇದು ಗಟ್ಟಿ ಉಂಟು, ಕೊಡುವುದಿಲ್ಲ ಎಂದರು. ದೊಡ್ಡ ಟಯರಿಗೆ ಮಣ್ಣು ಹೆಚ್ಚು ಹಿಡಿದು ಬಸಳೆಯ ಎಲೆ ಅಂಗೈಯಗಲ ಆಗಿತ್ತು. ಕುಶಾಲಪ್ಪಣ್ಣ ಮೊದಲೇ ಫೋನಿನಲ್ಲಿ, ರೇಸಿನ ಸೀಟಿಗೆ ಗಿರಾಕಿಗಳು ಕಾದು ನಿಲ್ಲುತ್ತಾರೆ, ಕೇಳಬೇಡಿ ಎಂದಿದ್ದರು. ಸ್ನಾರ್ಕೆಲ್ಲು ಹಸನಾಕರ ಮಾಡಿನ ನೀರು ಇಳಿಸುವ ಪೈಪಾಗಿತ್ತು. ವಿಂಚು ಅವರ ಶೆಡ್ಡಿನಲ್ಲೇ ಕೂತು ಭಾನುವಾರಗಳಂದು ನನ್ನ ಗುಂಪಿನವರ ಜೀಪುಗಳನ್ನು ಎಳೆಯುತ್ತದೆ. ನಾನು ತರಿಸಿದ ಒಂದೊಂದು ಸಾಮಾನೂ ಕೊನೆಗೆ ಉಪಯೋಗಕ್ಕೆ ಬಿದ್ದಿತ್ತು, ಜೀಪೊಂದನ್ನು ಬಿಟ್ಟು.

ಸೋತದ್ದನ್ನು ತ್ಯಾಗವೆಂದು ಹೇಳುವ ಕಲೆ ನನಗೆ ಚೆನ್ನಾಗಿ ಬರುತ್ತದೆ. ಜೀಪಿನ ಹತ್ತಿರ ಬಂದು, ಹಸನಾಕರಿಗೂ ಕೇಳುವ ಹಾಗೆ, ಇನ್ನು ಇದು ಹೀಗೇ ಇರಲಿ, ಅತ್ತೆಗೆ ಹತ್ತಲು ಹಲಗೆ ಬೇಕಲ್ಲ ಎಂದೆ. ಅತ್ತೆ ಎದುರಿನ ಎಡಗಡೆಯ ಸೀಟಿನಲ್ಲಿ ಹರಕೆಯ ಡಬ್ಬಿ ಹಿಡಿದು ಕೂತಿದ್ದರು. ನಮ್ಮ ಮನೆಮಾತು ಅರೆಭಾಷೆ. ಅವರು ಹೇಳಿದ್ದನ್ನು ಊರ ಕನ್ನಡಕ್ಕೆ ತರುವಾಗ ಸ್ವಲ್ಪ ಖಾರ ಕಡಿಮೆಯಾಗಿರಬಹುದು.

"ನನಗೆ ಸ್ಟೂಲು ಸಾಕಿತ್ತು. ಹಲಗೆ ತೆಗೆದಿಟ್ಟದ್ದು ನಿಮಗೆ ಅಂತ. ದಿನಾ ಎಷ್ಟು ಸಲ ಅಂತ ನೀವು ಟಯರಿನ ಗಾಳಿ ನೋಡುದು?"

ಶಶಿಕಲಾ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದಳು. ನಾನು ಏನೂ ಕೇಳಿಸದವನ ಹಾಗೆ ಬಲ ಬದಿಗೆ ಹೋಗಿ ಹಲಗೆಯ ಮೇಲೆ ಕಾಲಿಟ್ಟೆ. ಎರಡು ವರ್ಷ ತಕರಾರು ಮಾಡಿದ ಮೊಣಕಾಲು ಯಾವ ಗೊಣಗಾಟವೂ ಇಲ್ಲದೆ ನನ್ನನ್ನು ಮೇಲಕ್ಕೆತ್ತಿತು. ಸೀಟಿನಲ್ಲಿ ಕೂತು ಹಸನಾಕರಿಗೆ ಹೋಗಿಬರುತ್ತೇನೆಂದು ಹೇಳಲು ತಿರುಗಿದರೆ ಅವರ ಮುಖ ಕಾಣಲಿಲ್ಲ. ಅವರು ಬಗ್ಗಿ ನಮ್ಮ ಎದುರಿನ ಟಯರಿನ ಗಾಳಿ ನೋಡುತ್ತಿದ್ದರು.