ಗಾರ್ಡ್ ಸುಕೇಶನ ಕೈಗೆ ಬಂದ ಪಾಸ್

ಎರಡು ಸಾವಿರದ ಮೂರರ ಆ ಶನಿವಾರ ಸುಕೇಶನ ಫಜೀತಿಗೆಲ್ಲ ಮೂಲ ಕಾಲೇಜು ಕ್ಯಾಂಟೀನಿಗೆ ಬಿದ್ದಿದ್ದ ಬೀಗ. ಅದನ್ನು ನಡೆಸುತ್ತಿದ್ದವನು ವಾರದ ಹಿಂದೆ ಬಿಟ್ಟುಹೋಗಿದ್ದ. ಹೀಗಾಗಿ ಕೊಯಮತ್ತೂರಿನಿಂದ ಬಾಸ್ಕೆಟ್‌ಬಾಲ್ ಆಡಲು ಬಂದ ತಂಡಕ್ಕೆ ಊಟ ಹಾಕಿಸುವ ಕೆಲಸ ಕೋಚ್ ಸುಕೇಶನ ತಲೆಗೆ ಬಂತು.

ಕ್ರೋಂಪೇಟೆಯ ಆ ಕಾಲೇಜಿಗೇ ಅವನು ನಾಲ್ಕು ವರ್ಷ ಗಾರ್ಡ್ ಆಗಿ ಆಡಿದ್ದ. ಐದಡಿ ಐದಂಗುಲದ ಆಳು. ಎತ್ತಲೋ ನೋಡುತ್ತ ಇನ್ನೆತ್ತಲೋ ಚೆಂಡು ಎಸೆಯುವುದರಲ್ಲಿ ನಿಸ್ಸೀಮ. ತನ್ನತ್ತ ಬಂದ ಪಾಸನ್ನು ಒಮ್ಮೆಯೂ ಕೈಬಿಟ್ಟವನಲ್ಲ. ಈಗ ಅಲ್ಲೇ ಕೋಚ್, ಆದರೆ ತಾತ್ಕಾಲಿಕ. ಇವತ್ತು ಗೆದ್ದರೆ ಕಾಯಂ ಎಂದು ಕಾಲೇಜಿನ ಸೆಕ್ರೆಟರಿ ಹೇಳಿದ್ದರು. ಪಕ್ಕದ ತಾಂಬರಂನಲ್ಲಿ ಹೋಟೆಲಿಟ್ಟಿದ್ದ ಅಪ್ಪ ಸದಾನಂದರದು ಬೇರೆಯೇ ಷರತ್ತು.

“ಸೋತರೆ ನಾಳೆಯಿಂದ ಗಲ್ಲಾದಲ್ಲಿ ಕೂತ್ಕೊಳ್ಬೇಕು ಮಾರಾಯ. ನನ್ನ ಸೊಂಟದಲ್ಲಿ ಇನ್ನು ಬಲ ಇಲ್ಲ.”

“ಸೋಲೋ ಪ್ರಶ್ನೆಯೇ ಇಲ್ಲಪ್ಪ,” ಎಂದ ಸುಕೇಶ. ಗಲ್ಲಾದ ಹೆಸರೆತ್ತಿದರೇ ಅವನಿಗೆ ಜೈಲಿನ ನೆನಪಾಗುತ್ತಿತ್ತು.

ಊಟದ ಹೊಣೆ ಬಂದದ್ದೇ ಅವನಿಗೊಂದು ಉಪಾಯ ಹೊಳೆಯಿತು. ಎದುರಾಳಿಗಳನ್ನು ಅಪ್ಪನ ಹೋಟೆಲಿಗೇ ಕರೆದೊಯ್ದು, ಬಡಿಸುವ ಶೀನನ ಕಿವಿಯಲ್ಲಿ, “ಕೈ ತಡೀಬೇಡ. ಬೇಡ ಅಂದ್ರೂ ಬಡಿಸು,” ಎಂದ. ಶೀನ ತುಪ್ಪ ಸುರಿದ, ಹೋಳಿಗೆಯ ಮೇಲೆ ಹೋಳಿಗೆ ಹಾಕಿದ. ಮೂರು ಲೋಟ ಪಾಯಸ ಕುಡಿದ ಅವರ ಆರಡಿ ಆಟಗಾರ ಎಲೆಯ ಮುಂದೆಯೇ ತೂಕಡಿಸಿದ. ಗೆಲುವು ಜೇಬಿನಲ್ಲಿದೆ ಎಂದುಕೊಂಡು ಸುಕೇಶ ಗ್ರೌಂಡಿಗೆ ಹೊರಟ.

ಮೂರು ಗಂಟೆಗೆ ಅವನದೇ ತಂಡದ ಕ್ಯಾಪ್ಟನ್ ಉದಯ್ ಚಡ್ಡಿಯ ಲಾಡಿ ಸಡಿಲಿಸುತ್ತ ಬಂದ.

“ಏನೋ ಇದು?”

“ನಿಮ್ಮಪ್ಪ ಫೋನ್ ಮಾಡಿ ಎಲ್ಲರನ್ನೂ ಕರೆಸಿದ್ರು ಸಾರ್. ಬೇಡ, ವೇಂಡಾಂ ಅಂದ್ರೂ ಬಿಡಲಿಲ್ಲ. ಪಾಯಸಂ ಸೂಪ್ಪರ್.”

ಹಿಂದೆಯೇ ಪಾಯಸದ ಪಾತ್ರೆ ಹಿಡಿದು ಸದಾನಂದರು ಬಂದರು. “ಪರವೂರಿನವರು ಉಣ್ಣುವಾಗ ನಮ್ಮ ಮಕ್ಕಳು ಹಸ್ಕೊಂಡಿರೋದಾ?”

ಆಟ ಶುರುವಾಯಿತು. ಹತ್ತೂ ಜನ ಮದುವೆ ಊಟ ಮುಗಿಸಿ ಚಾಪೆ ಹುಡುಕುವವರಂತೆ ಅಂಗಳದಲ್ಲಿ ತಿರುಗಾಡಿದರು. ಕೊನೆಯ ನಿಮಿಷಕ್ಕೆ ಸ್ಕೋರು ಹದಿನೆಂಟು-ಹದಿನೆಂಟು. ಆಗ ಎದುರಾಳಿಯ ಆ ಆರಡಿ ಹುಡುಗ ನಿದ್ದೆಗಣ್ಣಿನಲ್ಲಿ ಉದಯ್ ಮೇಲೇ ಒರಗಿಬಿಟ್ಟ. ಫೌಲ್. ಫ್ರೀ ಥ್ರೋಗೆ ಓಡಬೇಕಾಗಿಲ್ಲ, ನಿಂತಲ್ಲಿಂದಲೇ ಎಸೆದರಾಯಿತು. ಉದಯ್ ಒಮ್ಮೆ ತೇಗಿ ಎಸೆದ. ಚೆಂಡು ಬಳೆಯೊಳಗೆ ಇಳಿಯಿತು.

ಸುಕೇಶನಿಗೆ ಸ್ವರ್ಗ ಮೂರೇ ಗೇಣು. ಪಾಯಸದ ಲೋಟ ಹಿಡಿದ ಸೆಕ್ರೆಟರಿ ಬಂದು ಬೆನ್ನು ತಟ್ಟಿದರು. “ಸುಕೇಶ್, ಇನಿಮೇ ನೀ ಪರ್ಮನೆಂಟ್.”

ಗಲ್ಲಾದ ಕಾಟ ತಪ್ಪಿತೆಂದು ಅವನು ಅಪ್ಪನತ್ತ ನೋಡಿ ಮೀಸೆ ತಿರುವಿದ. ಸೆಕ್ರೆಟರಿ ಲೋಟ ಬರಿದು ಮಾಡಿ ಸದಾನಂದರತ್ತ ತಿರುಗಿದರು.

“ಸಾರ್, ನಮ್ಮ ಕ್ಯಾಂಟೀನನ್ನ ನೀವೇ ನಡೆಸಬೇಕು,” ಎಂದು ಬೀಗದ ಕೈ ಗೊಂಚಲು ಕೊಟ್ಟರು. “ಆದರೆ ಗಲ್ಲಾದಲ್ಲಿ ಕೂರೋಕೆ ನಂಬಿಕೆಯ ಆಳು ಬೇಕಲ್ಲ?”

“ಆಳು ಉಂಟಲ್ಲ ಸಾರ್. ಹೇಗೂ ಕಾಲೇಜಲ್ಲೇ ಪರ್ಮನೆಂಟ್ ಆದ. ಪ್ರಾಕ್ಟೀಸ್ ಇರೋದು ಸಂಜೆ ತಾನೆ?” ಎನ್ನುತ್ತ ಸದಾನಂದರು, ಸೆಕ್ರೆಟರಿಯ ಮುಖವನ್ನೇ ನೋಡುತ್ತ, ಗೊಂಚಲನ್ನು ಮಗನತ್ತ ಎಸೆದರು.

ಬೇಡವೆನ್ನಲು ಸುಕೇಶ ಬಾಯಿ ತೆರೆಯುವಷ್ಟರಲ್ಲಿ ಅವನ ಕೈ ಅದನ್ನು ಹಿಡಿದಾಗಿತ್ತು.