ನಮ್ಮ ಮನೆಯ ಗಾಳಿ ಅಳೆದದ್ದು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಹೊಸೂರಿನಲ್ಲಿ ಮಗನ ಬಾಡಿಗೆ ಮನೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ನನ್ನ ಓದು ಬಸ್ಸಿನ ಬೋರ್ಡಿನಷ್ಟು. ಆದರೂ ಮಿಷನ್ನಿಗೆ ಟೋಪಿ ಹಾಕಬಲ್ಲೆ ಎಂಬ ನಂಬಿಕೆಗೆ ಕೊರತೆ ಇರಲಿಲ್ಲ.

ಅಡುಗೆ ಕೋಣೆಗೆ ಹಿಂದೆ ಒಂದು ಕಿಟಕಿ ಇತ್ತು. ಅದರಾಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ರಾಮಕ್ಕನ ಅಡುಗೆ ಕಿಟಕಿ. ಅವಳೂ ನನ್ನಂತೆ ನಾಟ್ರಾಂಪಾಳ್ಯದವಳು. ಏನು ಸಾರು ಅನ್ನುವುದರಿಂದ ಹಿಡಿದು ಯಾರ ಸೊಸೆ ಯಾರಿಗೆ ಏನಂದಳು ಅನ್ನುವವರೆಗೆ ಎಲ್ಲಾ ಆ ಕಿಟಕಿಯಲ್ಲೇ ನಡೆಯುತ್ತಿತ್ತು. ಮನೆ ಓನರಿಗೆ ಯಾರೋ ವಾಸ್ತು ಹೇಳಿದರು, ಲಕ್ಷ್ಮಿ ಅಲ್ಲಿಂದ ಆಚೆ ಹೋಗುತ್ತಾಳಂತೆ. ಇಟ್ಟಿಗೆ ಇಟ್ಟು ಮುಚ್ಚಿಸಿದ. ಲಕ್ಷ್ಮಿ ಉಳಿದಳೋ ಕಾಣೆ, ರಾಮಕ್ಕ ಹೋದಳು. ಬೀದಿ ಸುತ್ತಿ ಬರಲು ಅವಳಿಗೂ ಮಂಡಿ ಇಲ್ಲ, ನನಗೂ ಇಲ್ಲ. ಸಾರಿಗೆ ಉಪ್ಪು ಹಾಕುವಾಗೆಲ್ಲ ಆ ಗೋಡೆ ನೋಡುತ್ತಿದ್ದೆ.

ಆಗ ಬಂದಳು ಒಬ್ಬ ಕಾಲೇಜು ಹುಡುಗಿ, ಮನೆಮನೆಯ ಗಾಳಿ ಅಳೆಯಲು. ಅಂಗೈಯಗಲದ ಡಬ್ಬಿಯೊಂದನ್ನು ಅಡುಗೆ ಕೋಣೆಯ ಗೂಡಿನಲ್ಲಿಟ್ಟಳು.

"ಅಜ್ಜಿ, ನಾವು ಬಿಟ್ಟ ಉಸಿರು ಒಳಗೇ ನಿಂತ್ರೆ ನಂಬರ್ ಏರುತ್ತೆ. ಗಾಳಿ ಆಡಿದ್ರೆ ಇಳಿಯುತ್ತೆ. ಸಂಜೆವರೆಗೂ ಬಾಗ್ಲು ಹಾಕ್ಕೊಂಡೇ ಇರಿ."

ಓನರ್ ಪಕ್ಕದಲ್ಲೇ ನಿಂತಿದ್ದ. ತಮಿಳಿನವನು, ಅಜ್ಜಿಗೆ ಪಾಟಿ ಅನ್ನುವವನು. "ಗಾಳಿ ಇಲ್ಲ ಅಂತ ಬಂದ್ರೆ ಕಿಟಕಿ ಇಟ್ಟಿಗೆ ಒಡೆಸ್ಬುಡ್ತೀನಿ, ಪಾಟಿ" ಎಂದು ಹುಡುಗಿಯ ಮುಂದೆ ದೊಡ್ಡಸ್ತಿಕೆ ತೋರಿಸಿದ.

ನನಗೆ ಅಷ್ಟೇ ಸಾಕಿತ್ತು. ಆದರೆ ನನ್ನೊಬ್ಬಳ ಉಸಿರಿಗೆ ಅದು ಎಷ್ಟು ಏರೀತು? ಸಾಲುಮನೆಯ ಹೆಂಗಸರನ್ನೆಲ್ಲ ಕರೆದೆ. ರಾಮಕ್ಕನಿಗೂ ಹೇಳಿ ಕಳಿಸಿದೆ.

"ಉಸ್ರು ಬುಡಕ್ಕೆ ಇಷ್ಟ್ ದೂರ ಕರ್ಸಿದ್ಯಾ?" ಎಂದಳು, ಏದುತ್ತಾ.

"ಏದ್ತಾ ಇದ್ದೀಯಲ್ಲ, ಹಂಗೇ ಹೋಗಿ ಆ ಡಬ್ಬಿ ತಾವ ಏದು ಕಣೇ."

ಬಾಗಿಲು ಹಾಕಿ ಕೂತೆವು. ನಂಬರ್ ಏರಿತೇ ಏರಿತು. ಮಿಕ್ಕವರು ಬೆವತು ಎದ್ದು ಹೋದರು. ಕೊನೆಗೆ ರಾಮಕ್ಕನೂ "ಬತ್ತೀನಿ ಕಣೇ" ಎಂದು ಎದ್ದಳು. ಎಲೆ ಅಡಿಕೆ ಕೊಟ್ಟೆ. ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತಳು. ನಮ್ಮ ಕಡೆಯವರಿಗೆ ನಿಜವಾದ ಮಾತು ನೆನಪಾಗುವುದೇ ಹೊಸ್ತಿಲಲ್ಲಿ. ಅವಳ ಸೊಸೆ, ನನ್ನ ಮಂಡಿ, ಊರಲ್ಲಿ ಸತ್ತವರು, ಹುಟ್ಟಿದವರು. ನಡುನಡುವೆ "ಬತ್ತೀನಿ", "ಹೂಂ, ಬಾ". ಅವಳು ಹೋದಾಗ ಬಿಸಿಲು ಎದುರುಗೋಡೆ ಹತ್ತಿತ್ತು. ಅಷ್ಟೂ ಹೊತ್ತು ಬಾಗಿಲು ಹಾರುಹೊಡೆದಿತ್ತು.

ಸಂಜೆ ಹುಡುಗಿ ಡಬ್ಬಿ ನೋಡಿದಳು. "ಅಜ್ಜಿ, ಏರಿದ್ದು ಪೂರ್ತಿ ಇಳಿದುಬಿಟ್ಟಿದೆಯಲ್ಲ. ಬಾಗ್ಲು ತೆಗೆದಿದ್ರಾ?"

ಓನರ್ ನನ್ನನ್ನೇ ನೋಡುತ್ತಿದ್ದ. ತೆಗೆದೆ ಅಂದರೆ ಅಳತೆಯೇ ಲೆಕ್ಕಕ್ಕಿಲ್ಲ ಅಂದುಬಿಟ್ಟಾಳೆಂದು ಹೆದರಿ, "ಇಲ್ಲಮ್ಮ, ದೇವ್ರಾಣೆ" ಎಂದೆ.

"ಹಾಗಾದ್ರೆ ಗಾಳಿ ತಾನಾಗೇ ಆಡ್ತಿದೆ. ಈ ಸಾಲಲ್ಲೇ ನಿಮ್ಮ ಮನೆ ಫಸ್ಟ್."

ಓನರ್ ಗೋಡೆ ತಟ್ಟಿ, "ವಾಸ್ತುಗಾರ ಸುಮ್ನೆ ಹೇಳಿಲ್ಲ, ಪಾಟಿ" ಎಂದ. ಹೀಗೆ ನನ್ನ ಕಿಟಕಿಗೆ ಎರಡನೇ ಸಲ ನಾನೇ ಇಟ್ಟಿಗೆ ಇಟ್ಟೆ.

ಮರುದಿನ ಬೆಳಿಗ್ಗೆ ಕೋಲು ಹಿಡಿದು, ಬೀದಿ ಸುತ್ತಿ, ರಾಮಕ್ಕನ ಮನೆಗೆ ಹೋದೆ. ಬೀಗ ಹಾಕಿತ್ತು. ಪಕ್ಕದವಳು, "ನಿಮ್ಮನೆಗೇ ಹೋಯ್ತಲ್ಲ ಆ ಯಮ್ಮ, ಆ ಕಡೆ ರೋಡಲ್ಲಿ" ಎಂದಳು. ಬರಲಿ ಎಂದು ಅವಳ ಬಾಗಿಲಲ್ಲೇ ಕೂತೆ. ನಾನು ಬರಲಿ ಎಂದು ಅವಳೂ ನನ್ನ ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕೂತಿದ್ದಳಂತೆ, ಮೊಂಡಿ.