ಗುಡಿಸಿಟ್ಟ ಬನ

ಇಷ್ಟಕ್ಕೆಲ್ಲ ಕಾರಣ ನಿರಂಜನ ಹಿಂದಿನ ದಿನ ಮಾಡಿದ ಒಂದು ಫೋನು. "ಗುತ್ಯಮ್ಮಾ, ನಾಳೆ ನಮ್ಮ ಮೇಡಂ ಚೌಡಿಬನ ನೋಡೋಕೆ ಬರ್ತಾರೆ" ಎಂದಷ್ಟೇ ಹೇಳಿ ಇಟ್ಟಿದ್ದ. ಏನು ನೋಡಲು ಎಂದು ಹೇಳಿರಲಿಲ್ಲ.

ನಿರಂಜನ ಸಾಗರದ ಪರಿಸರ ಸಂಸ್ಥೆಯೊಂದರ ಶಿಬಿರದ ಮೇಷ್ಟ್ರು. ಮಕ್ಕಳನ್ನೂ ಊರವರನ್ನೂ ಕಾಡಿಗೆ ಕರೆದೊಯ್ದು ಪಾಠ ಹೇಳುವ ಕೆಲಸ, ಕಾಯಂ ಅಲ್ಲ. ಮುಖ್ಯಸ್ಥೆ ಸುಚಿತ್ರಾ ಖಡಾಖಂಡಿತವಾಗಿ ಹೇಳಿದ್ದರು: "ಊರವರು ಏನಾದ್ರೂ ಕಲ್ತಿದ್ದಾರಾ ಅಂತ ನಾನೇ ಬಂದು ನೋಡ್ತೀನಿ. ಇಲ್ಲಾಂದ್ರೆ ನೀವು ಬೇರೆ ಕೆಲಸ ನೋಡ್ಕೊಳ್ಳಿ."

ಬೆಳಿಗ್ಗೆ ಶಾಲೆಯ ಮಕ್ಕಳೊಂದಿಗೆ ಹೊಸನಗರದ ಕಡೆಯ ಆ ಹಳ್ಳಿಗೆ ಬಂದವನು ಬನದ ಅಂಚಿನಲ್ಲೇ ನಿಂತುಬಿಟ್ಟ. ಅವತ್ತಿನ ಪಾಠ ತರಗೆಲೆಯ ಕೆಳಗೆ ಬದುಕುವ ಜೀವಿಗಳದ್ದು. ಊರ ದೇವತೆ ಚೌಡಿಗೆ ಬಿಟ್ಟ ಆ ಕಾಡಿನಲ್ಲಿ ಒಂದು ತರಗೆಲೆಯೂ ಇರಲಿಲ್ಲ. ನೆಲ ಮದುವೆಮನೆಯ ಅಂಗಳದಂತೆ ನುಣ್ಣಗಿತ್ತು. ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದರು. ಹುತ್ತಕ್ಕೆ ಕೆಮ್ಮಣ್ಣಿನ ಪಟ್ಟಿ ಬೇರೆ.

ಮಹಿಳಾ ಸಂಘದ ಗುತ್ಯಮ್ಮ ಪೊರಕೆ ಹಿಡಿದು ನಗುತ್ತ ಎದುರು ಬಂದರು. "ಹೆಂಗಿದೆ ಮೇಷ್ಟ್ರೇ? ನಿನ್ನೆ ಹತ್ತು ಮನೆ ಹೆಂಗಸ್ರು ಸೇರಿ ಗುಡಿಸಿದ್ವಿ. ನೆಂಟರು ಬರೋವಾಗ ಹಂಗೇ ಬಿಡಕಾಗ್ತದಾ?"

"ಎಲೆ ಎಲ್ಲಿ?" ನಿರಂಜನ ಸುತ್ತಲೂ ಹುಡುಕಿದ.

"ಚೌಡಿಬನದ್ದು ಒಂದು ಕಡ್ಡೀನೂ ಹೊರಗೆ ಒಯ್ಯಂಗಿಲ್ಲ. ಅಲ್ಲೇ ಮೂಲೇಲಿ ರಾಶಿ ಹಾಕೀವಿ."

ಸದ್ಯ, ಚೌಡಿ ಕಾಪಾಡಿದಳು! ನಿರಂಜನ ಪಂಚೆ ಎತ್ತಿಕಟ್ಟಿ ರಾಶಿಯತ್ತ ಓಡಿದ. "ಎಲ್ಲ ವಾಪಸ್ ಹರಡಿ! ಬೇಗ! ಪಾಠಕ್ಕೆ ಬೇಕು!"

"ಗುಡಿಸಿದ್ದನ್ನ ಹರಡೋದಾ?" ಗುತ್ಯಮ್ಮನ ಗಂಡ ಜಟ್ಟಿಂಗಪ್ಪ ಬಾಯಿ ತೆರೆದು ನಿಂತರು. "ಮೇಷ್ಟ್ರಿಗೆ ಬಿಸಿಲು ತಾಗಿರಬೇಕು ಕಣೇ."

ಮೇಷ್ಟ್ರ ಮಾತು ಮೀರಬಾರದೆಂದು ಊರವರೂ ಬುಟ್ಟಿ ಹಿಡಿದರು. ಮಕ್ಕಳಿಗೆ ಜಾತ್ರೆ! ರಾಶಿಯಿಂದ ಚಕ್ಕುಲಿಯಂತೆ ಸುತ್ತಿಕೊಳ್ಳುವ ಹುಳು, ಪುಟ್ಟ ಕಪ್ಪೆ, ಎರೆಹುಳು ಹೊರಬಂದವು. ಒಂದು ಚೇಳು ನಿರಂಜನನ ತೋಳು ಹತ್ತಿತು. ಅವನು ಕುಣಿದ ರೀತಿಗೆ ಊರೇ ನಕ್ಕಿತು.

ಅಷ್ಟರಲ್ಲಿ ಸುಚಿತ್ರಾ ಅವರ ಜೀಪು ಬಂದು ನಿಂತಿತು. ಮುದುಕರು ಮಕ್ಕಳೆನ್ನದೆ ಎಲ್ಲರೂ ಮರದ ಬುಡಕ್ಕೆ ಎಲೆ ಹೊದೆಸುತ್ತಿರುವುದನ್ನು ಅವರು ಬೆರಗಾಗಿ ನೋಡಿದರು.

"ಹುತ್ತಕ್ಕೆ ಇದೇನು ಪಟ್ಟಿ?"

"ಪೂಜೆ ಮೇಡಂ," ಎಂದರು ಜಟ್ಟಿಂಗಪ್ಪ ಕೈಮುಗಿದು. ನಿರಂಜನ ಉಸಿರು ಬಿಟ್ಟ.

ಸುಚಿತ್ರಾ ಅವನ ಕೈ ಕುಲುಕಿದರು. "ಅದ್ಭುತ! ಒಂದು ಎಲೆಗೂ ಇಷ್ಟು ಕಾಳಜಿ! ಈ ಊರು ಪೂರ್ತಿ ಕಲ್ತಿದೆ. ಇನ್ನು ಇಲ್ಲಿ ಶಿಬಿರ ಬೇಡ. ನಮ್ಮ ಯೋಜನೆಯ ಕೊನೇ ಊರು ಇದೇ ಅಲ್ವಾ? ಈ ತಿಂಗಳಿಗೇ ನಿಮ್ಮನ್ನ ಕೆಲಸದಿಂದ ಬಿಡುಗಡೆ ಮಾಡಿಬಿಡ್ತೀನಿ."

ಇವರು ಏನೂ ಕಲಿತಿಲ್ಲ ಮೇಡಂ ಎಂದರೆ ಯೋಜನೆ ಉಳಿಯುತ್ತದೆ, ಮೇಷ್ಟ್ರು ಉಳಿಯುವುದಿಲ್ಲ. ಸುಮ್ಮನಿದ್ದರೆ ಎರಡೂ ಇಲ್ಲ. ಯೋಜನೆಯಾದರೂ ಉಳಿಯಲೆಂದು ಬಾಯಿ ತೆರೆದ. ಆಗ ಗುತ್ಯಮ್ಮನ ಮುಖ ಕಂಡಿತು. ಗುಡಿಸಿ ಸೋತ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಊರಿಗೆ ಸಿಕ್ಕ ಹೊಗಳಿಕೆಗೆ ಹಿಗ್ಗುತ್ತಿದ್ದರು. ಪ್ರೀತಿಯಿಂದ ಮಾಡಿದ ತಪ್ಪನ್ನು ಎಲ್ಲರೆದುರು ಹೇಗೆ ಆಡಿ ತೋರಿಸುವುದು? ಬಾಯಿ ಮುಚ್ಚಿದ.

ಜೀಪು ಮರೆಯಾಯಿತು. ಗುತ್ಯಮ್ಮ ಪೊರಕೆ ಎತ್ತಿಕೊಂಡು ಮೆಲ್ಲನೆ ಹತ್ತಿರ ಬಂದರು.

"ನೀವು ಇಷ್ಟು ಗಲೀಜು ಮಾಡಿದ್ರೂ ಮೇಡಂ ಬಯ್ಯಲಿಲ್ಲ ನೋಡಿ, ದೊಡ್ಡ ಮನಸ್ಸು! ನೀವೇನೂ ಬೇಜಾರು ಮಾಡ್ಕೋಬೇಡಿ. ಸಂಜೆಯೊಳಗೆ ಎಲ್ಲ ಗುಡಿಸಿಬಿಡ್ತೀವಿ."

ನಿರಂಜನ ಅವರ ಕೈಯಿಂದ ಪೊರಕೆ ತೆಗೆದುಕೊಂಡ, ಅದನ್ನು ಅಡಿಗಿಟ್ಟು ಅದರ ಮೇಲೇ ಕೂತ. "ಕೂತ್ಕೊಳ್ಳಿ ಗುತ್ಯಮ್ಮಾ," ಎಂದು ಒಂದು ತರಗೆಲೆ ಎತ್ತಿ ಹಿಡಿದು, ನಿನ್ನೆ ಫೋನಿನಲ್ಲಿ ಹೇಳಬೇಕಿದ್ದ ಪಾಠವನ್ನು ಮೊದಲಿನಿಂದ ಶುರುಮಾಡಿದ. ಈ ಸಲ ಸಂಬಳವಿಲ್ಲದೆ.